ಬ್ರಾಂಚ್ ಆರಿಸುವ ಮುನ್ನ ಕೇಳಬೇಕಾದ್ದು: ಇಲ್ಲಿ ಅಲುಗುತ್ತಿರುವುದು ಏನು?

ಸ್ಥಾವರದಲ್ಲಿ ಯಾವ ಪೈಪು, ಯಾವ ಫಿಟಿಂಗ್ ಹಾಕಬೇಕೆಂದು ಹೇಳುವ ಪೈಪಿಂಗ್ ಸ್ಪೆಕ್‌ನ ಕೊನೆಯ ಪುಟಗಳಲ್ಲಿ ಒಂದು ಬ್ರಾಂಚ್ ಟೇಬಲ್ ಇರುತ್ತದೆ. ಮೇಲಂಚಿನಲ್ಲಿ ಹೆಡರ್ (ಮುಖ್ಯ ಪೈಪು) ಸೈಜು, ಪಕ್ಕದಂಚಿನಲ್ಲಿ ಬ್ರಾಂಚ್ (ಅದರಿಂದ ಕವಲೊಡೆಯುವ ಪೈಪು) ಸೈಜು, ಎರಡೂ ಕೂಡುವ ಚೌಕದಲ್ಲಿ ಒಂದು ಅಕ್ಷರ. ಟೀ (ಟಿ ಆಕಾರದ ಸಿದ್ಧ ತುಂಡು), ವೆಲ್ಡೊಲೆಟ್ (ಹೆಡರಿನ ಮೇಲೆ ಬೆಸೆಯುವ ದಪ್ಪ ಬುಡ), ಸಾಕೊಲೆಟ್ (ಅಂಥದೇ ಬುಡ, ಆದರೆ ಪೈಪನ್ನು ಒಳಗೆ ತೂರಿಸಿ ಬೆಸೆಯುವಂಥದು), ಪ್ಯಾಡ್ (ತೂತಿನ ಸುತ್ತ ಬೆಸೆಯುವ ತಗಡು) ಹಾಕಿದ ನೇರ ಬ್ರಾಂಚ್, ಹೀಗೆ. ಡ್ರಾಯಿಂಗ್ ಮಾಡುವವರು ಚೌಕ ನೋಡುತ್ತಾರೆ, ಬರೆಯುತ್ತಾರೆ, ಮುಂದಿನ ಲೈನಿಗೆ ಹೋಗುತ್ತಾರೆ. ಟೇಬಲ್ ಬಗ್ಗೆ ನನ್ನ ತಕರಾರಿಲ್ಲ. ಅದನ್ನು ಮಾಡಿದವರು ಎರಡು ಪ್ರಶ್ನೆ ಕೇಳಿಕೊಂಡಿರುತ್ತಾರೆ: ಒಳಗಿನ ಒತ್ತಡ ತಡೆಯುತ್ತದೆಯೇ, ಖರ್ಚು ಎಷ್ಟು? ಎರಡಕ್ಕೂ ಉತ್ತರ ಅಲ್ಲಿ ಸರಿಯಾಗಿಯೇ ಇದೆ. ಈ ಲೈನು ವರ್ಷಕ್ಕೆ ಎಷ್ಟು ಸಲ ಬಿಸಿಯಾಗಿ ತಣಿಯುತ್ತದೆ, ಪಕ್ಕದ ಪಂಪು ಇದನ್ನು ಎಷ್ಟು ನಡುಗಿಸುತ್ತದೆ, ಮೇಲಿನ ಕಂಟ್ರೋಲ್ ವಾಲ್ವು ಕಿರುಚುತ್ತದೆಯೇ ಎಂಬುದನ್ನು ಟೇಬಲ್ ಕೇಳಿಯೇ ಇಲ್ಲ.

ನನ್ನ ಕೆಲಸ ಪೈಪ್ ಸ್ಟ್ರೆಸ್, ಅಂದರೆ ಪೈಪಿನ ಲೋಹದೊಳಗೆ ಏಳುವ ಎಳೆತದ, ಲೆಕ್ಕ. ಅರ್ಧ ಸಮಯ ಕಂಪ್ಯೂಟರ್ ಮುಂದೆ, ಉಳಿದರ್ಧ ಬಿರುಕು ಬಿಟ್ಟ ಬ್ರಾಂಚುಗಳ ಮುಂದೆ ಟಾರ್ಚ್ ಹಿಡಿದು. ಬಿರುಕು ಬಿಟ್ಟಲ್ಲಿಗೆ ಹೋದಾಗ ಮೊದಲು ಕೇಳಿಬರುವ ಮಾತು ಬಹುತೇಕ ಒಂದೇ: "ಸಾರ್, ರೀಇನ್ಫೋರ್ಸ್‌ಮೆಂಟ್ ಕ್ಯಾಲ್ಕ್ಯುಲೇಶನ್ ಪಾಸ್ ಆಗಿದೆಯಲ್ಲ!" ಆಗಿರುತ್ತದೆ. ಹೆಡರಿನಲ್ಲಿ ತೂತು ಕೊರೆದಾಗ ಎಷ್ಟು ಲೋಹ ಹೋಯಿತೋ ಅಷ್ಟನ್ನು ಸುತ್ತಮುತ್ತ ತುಂಬಿಕೊಡುವುದು ಆ ಲೆಕ್ಕ. ಅದು ಏರಿಳಿಯದೆ ನಿಂತ ಒತ್ತಡದ ಲೆಕ್ಕ. ಫಟೀಗ್, ಅಂದರೆ ಪದೇಪದೇ ಏರಿಳಿದು ಲೋಹ ದಣಿದು ಬಿರುಕು ಬಿಡುವುದು, ನೋಡುವುದು ಲೋಹ ಎಷ್ಟಿದೆ ಎಂಬುದನ್ನಲ್ಲ. ಆಕಾರ ಎಲ್ಲಿ ಥಟ್ಟನೆ ತಿರುಗುತ್ತದೆ, ಆ ತಿರುವಿನಲ್ಲಿ ಸ್ಟ್ರೆಸ್ ಎಷ್ಟು ಸಲ ಏರಿಳಿಯುತ್ತದೆ ಎಂಬುದನ್ನು.

ಆದ್ದರಿಂದ ಫಿಟಿಂಗ್ ಆರಿಸುವ ಮೊದಲು ಸೈಕಲ್, ಅಂದರೆ ಸ್ಟ್ರೆಸ್ ಒಮ್ಮೆ ಏರಿ ಇಳಿಯುವ ಸುತ್ತು, ಯಾವ ಜಾತಿಯದು ಎಂದು ಗೊತ್ತುಮಾಡಿಕೊಳ್ಳಿ. ಜಾತಿ ಬದಲಾದರೆ ಒಳ್ಳೆಯ ಫಿಟಿಂಗ್ ಯಾವುದು ಎಂಬುದೂ ಬದಲಾಗುತ್ತದೆ.

ಏಳು ಸಾವಿರ ಸೈಕಲ್ ಎಂದರೆ

ಪ್ರೋಸೆಸ್ ಪೈಪಿಂಗಿಗೆ ಅಮೆರಿಕದ ಎಂಜಿನಿಯರುಗಳ ಸಂಸ್ಥೆ ಎಎಸ್ಎಂಇ ಬರೆದ ಬಿ31.3 ಕೋಡ್‌ನಲ್ಲಿ ಉಷ್ಣ ವಿಸ್ತರಣೆಯ ಸ್ಟ್ರೆಸ್‌ಗೆ ಒಂದು ಮಿತಿಯಿದೆ. ಬಹುಕಾಲ ಆ ಮಿತಿಯ ಆಧಾರವಾಗಿದ್ದದ್ದು 7000 ಸೈಕಲ್. ದಿನಕ್ಕೊಂದು ಸಲ ಬಿಸಿಯಾಗಿ ತಣಿದರೆ ಸುಮಾರು 19 ವರ್ಷ. ಹೆಚ್ಚಿನ ಪ್ರೋಸೆಸ್ ಲೈನುಗಳು ಅಷ್ಟು ಸಲ ನಿಂತು ಶುರುವಾಗುವುದಿಲ್ಲ, ಹಾಗಾಗಿ ಯಾರೂ ತಲೆಕೆಡಿಸಿಕೊಳ್ಳುವುದಿಲ್ಲ.

ಈಗ ಅದೇ ಹೆಡರಿನ ಮೇಲಿನ ಮುಕ್ಕಾಲು ಇಂಚಿನ ಡ್ರೈನ್ ಸೆಕೆಂಡಿಗೆ 46 ಸಲ ನಡುಗುತ್ತಿದೆ ಎನ್ನಿ. 7000 ಸೈಕಲ್ ಎರಡೂವರೆ ನಿಮಿಷದಲ್ಲಿ ಮುಗಿಯಿತು. ಒಂದು ಕೋಟಿ ಸೈಕಲ್‌ಗೆ ಎರಡೂವರೆ ದಿನ. ಉಷ್ಣ ಸೈಕಲ್‌ನ ಲೆಕ್ಕದಲ್ಲಿ ಪಾಸಾದ ಬ್ರಾಂಚು ಕಂಪನದಲ್ಲಿ ಏನಾಗುತ್ತದೆ ಎಂಬುದಕ್ಕೂ ಆ ಲೆಕ್ಕಕ್ಕೂ ಸಂಬಂಧವೇ ಇಲ್ಲ. ನನ್ನ ಅನುಭವದಲ್ಲಿ ಸೋರುವ ಬ್ರಾಂಚುಗಳಲ್ಲಿ ದೊಡ್ಡ ಪಾಲು ಈ ಎರಡನೇ ಬಗೆಯದು. ಡಿಸೈನ್ ಆಫೀಸಿನ ಸಮಯದ ದೊಡ್ಡ ಪಾಲು ಹೋಗುವುದು ಮಾತ್ರ ಮೊದಲನೆಯದಕ್ಕೆ.

ಬಿಸಿಯಾಗಿ ತಣಿಯುವ ಲೈನುಗಳು

ಮೊದಲು ಇದನ್ನೇ ಮುಗಿಸೋಣ, ಏಕೆಂದರೆ ಇಲ್ಲಿ ಅಂಕಿಗಳು ಸಿಗುತ್ತವೆ.

ಟ್ಯೂಬ್ ಟರ್ನ್ಸ್ ಕಂಪನಿಯ ಎ. ಆರ್. ಸಿ. ಮಾರ್ಕ್ಲ್ ನಾಲ್ಕಿಂಚಿನ ಪೈಪುಗಳನ್ನು, ಎಲ್ಬೊಗಳನ್ನು, ಟೀಗಳನ್ನು ಯಂತ್ರಕ್ಕೆ ಕಟ್ಟಿ, ನೀರು ಸೋರುವ ತನಕ ಅತ್ತಿತ್ತ ಬಾಗಿಸಿ, ಫಲಿತಾಂಶವನ್ನು 1952ರಲ್ಲಿ ಪ್ರಕಟಿಸಿದರು. ಇವತ್ತಿಗೂ ನಾವು ಹಾಕುವ ಸ್ಟ್ರೆಸ್ ಇಂಟೆನ್ಸಿಫಿಕೇಶನ್ ಫ್ಯಾಕ್ಟರ್, ಅಂದರೆ ಎಸ್ಐಎಫ್, ಅಲ್ಲಿಂದಲೇ ಬಂದದ್ದು. ಅಲ್ಲಿ 1 ಎಂದರೆ ನಯವಾದ ಪೈಪಲ್ಲ, ಎರಡು ಪೈಪಿನ ತುದಿಗಳನ್ನು ಎದುರುಬದುರು ಇಟ್ಟು ಸುತ್ತಲೂ ಹಾಕಿದ ಒಂದು ಸಾಮಾನ್ಯ ಬಟ್ ವೆಲ್ಡ್. ಮಿಕ್ಕಿದ್ದೆಲ್ಲ ಆ ವೆಲ್ಡಿಗೆ ಹೋಲಿಸಿ ಎಷ್ಟು ಪಟ್ಟು ಕೆಟ್ಟದ್ದು ಎಂಬ ಲೆಕ್ಕ. ಅವರು ಕಂಡುಕೊಂಡ ಇನ್ನೊಂದು ವಿಷಯ ನೆನಪಿಟ್ಟುಕೊಳ್ಳುವಂಥದು: ಆಯುಸ್ಸು ಸ್ಟ್ರೆಸ್‌ನ ಐದನೇ ಘಾತಕ್ಕೆ ವಿಲೋಮ. ಸ್ಟ್ರೆಸ್ ಅರ್ಧವಾದರೆ ಆಯುಸ್ಸು 32 ಪಟ್ಟು.

ಒಂದು ಲೆಕ್ಕ ಹಾಕಿ ನೋಡಿ. ಎಂಟಿಂಚಿನ ಶೆಡ್ಯೂಲ್ 40 (ಶೆಡ್ಯೂಲ್ ಎಂದರೆ ಗೋಡೆದಪ್ಪದ ದರ್ಜೆ) ಹೆಡರು: ಗೋಡೆ 8.18 ಮಿ.ಮೀ., ಸರಾಸರಿ ತ್ರಿಜ್ಯ 105.5 ಮಿ.ಮೀ. ಬಿ31.3ರ ಹಳೆಯ ಅನುಬಂಧದ ಸೂತ್ರದಲ್ಲಿ ಹಾಕಿದರೆ ಹೊರಸಮತಲದ ಬಾಗುವಿಕೆಗೆ (ಹೆಡರೂ ಬ್ರಾಂಚೂ ಇರುವ ಸಮತಲದಿಂದ ಆಚೆಗೆ ಬ್ರಾಂಚನ್ನು ಬಾಗಿಸುವುದಕ್ಕೆ) ಎಸ್ಐಎಫ್ ಹೀಗೆ ಬರುತ್ತದೆ. ಪ್ಯಾಡ್ ಇಲ್ಲದೆ ನೇರ ಕೂರಿಸಿ ಬೆಸೆದ ಬ್ರಾಂಚ್: 4.9. ಹೆಡರಿನಷ್ಟೇ ದಪ್ಪದ ಪ್ಯಾಡ್ ಸೇರಿಸಿದರೆ: 2.5. ವೆಲ್ಡೊಲೆಟ್ ಬಗೆಯದು: 2.2. ಬಿ16.9 ಮಾನಕದ ಸಿದ್ಧ ಟೀ: 2.3. ಅದೇ ಟೀಯ ಕವಲಿನ ಒಳಮೂಲೆಯಲ್ಲಿ ದುಂಡು ಬ್ರಾಂಚಿನ ಹೊರವ್ಯಾಸದ ಎಂಟನೇ ಒಂದರಷ್ಟಾದರೂ ಇದ್ದು, ಅಲ್ಲಿನ ದಪ್ಪ ಪೈಪಿನ ಒಂದೂವರೆ ಪಟ್ಟು ಇದ್ದರೆ: 1.8.

4.9ರಿಂದ 2.5ಕ್ಕೆ ಇಳಿದರೆ, ಐದನೇ ಘಾತದ ಪ್ರಕಾರ, ಆಯುಸ್ಸು ಸುಮಾರು 29 ಪಟ್ಟು. ಹಾಗಾಗಿ ಉಷ್ಣ ಸೈಕಲ್ ಇರುವ ಲೈನಿನಲ್ಲಿ ಬರೀ ಕೂರಿಸಿ ಬೆಸೆದ ಬ್ರಾಂಚನ್ನು ನಾನು ಒಪ್ಪುವುದು ಅಪರೂಪ. 2.3ಕ್ಕೂ 1.8ಕ್ಕೂ ನಡುವೆ ಮೂರು ಪಟ್ಟಿಗಿಂತ ಹೆಚ್ಚು ಆಯುಸ್ಸಿದೆ. ಅದು ಬರುವುದು ಮೂಲೆಯ ಒಂದಿಷ್ಟು ದುಂಡಿನಿಂದ. ಕ್ಯಾಟಲಾಗಿನಲ್ಲಿ ಆ ದುಂಡಿನ ಅಳತೆ ಇರುವುದಿಲ್ಲ, ತಯಾರಕರನ್ನು ಬರೆದು ಕೇಳಬೇಕು. ಕೇಳಿ.

ಈ ಅಂಕಿಗಳನ್ನು ಕಲ್ಲಿನ ಮೇಲೆ ಕೆತ್ತಬೇಡಿ. ಮಾರ್ಕ್ಲ್ ಪರೀಕ್ಷಿಸಿದ ಟೀಗಳು ಹೆಚ್ಚಾಗಿ ಸಮಾನ ಸೈಜಿನವು. ಹೆಡರಿಗಿಂತ ಒಂದೆರಡು ಸೈಜು ಚಿಕ್ಕ ಬ್ರಾಂಚುಗಳಲ್ಲಿ ನಿಜವಾದ ಎಸ್ಐಎಫ್ ಹಳೆಯ ಸೂತ್ರ ಹೇಳುವುದಕ್ಕಿಂತ ಹೆಚ್ಚಿರಬಹುದು ಎಂದು ಆಮೇಲಿನ ಪರೀಕ್ಷೆಗಳು ತೋರಿಸಿದವು. 2020ರ ಆವೃತ್ತಿಯಿಂದ ಬಿ31.3 ಆ ಅನುಬಂಧವನ್ನು ಬಿಟ್ಟು, ಎಸ್ಐಎಫ್ ಲೆಕ್ಕಕ್ಕೆಂದೇ ಇರುವ ಬಿ31ಜೆ ಮಾನಕದ ಕಡೆ ಕೈತೋರುತ್ತದೆ. ಅದರಲ್ಲಿ ಬ್ರಾಂಚ್ ಮತ್ತು ಹೆಡರ್ ವ್ಯಾಸಗಳ, ಗೋಡೆದಪ್ಪಗಳ ಅನುಪಾತವೂ ಲೆಕ್ಕಕ್ಕೆ ಬರುತ್ತದೆ. ಹೆಡರ್ ಕಡೆಗೊಂದು, ಬ್ರಾಂಚ್ ಕಡೆಗೊಂದು ಬೇರೆ ಎಸ್ಐಎಫ್ ಸಿಗುತ್ತದೆ. ನಿಮ್ಮ ಸಾಫ್ಟ್‌ವೇರ್ ಯಾವುದನ್ನು ಬಳಸುತ್ತಿದೆ ಎಂದು ಸೆಟ್ಟಿಂಗ್ ತೆರೆದು ನೋಡಿ. ಫಿಟಿಂಗ್ ಹೋಲಿಸುವಾಗ ಒಂದಕ್ಕೆ ಹಳೆಯ ಸೂತ್ರ, ಇನ್ನೊಂದಕ್ಕೆ ಹೊಸದು ಬಂದುಬಿಟ್ಟರೆ ಹೋಲಿಕೆಯೇ ಸುಳ್ಳು.

ಪ್ಯಾಡ್ ಬಗ್ಗೆ ಒಂದು ಮಾತು. ಪ್ಯಾಡ್ ದಪ್ಪ ಮಾಡಿದಷ್ಟೂ ಒಳ್ಳೆಯದು ಎಂಬ ನಂಬಿಕೆ ಗಟ್ಟಿಯಾಗಿ ಬೇರೂರಿದೆ. ಹೆಡರಿನ ಒಂದೂವರೆ ಪಟ್ಟು ದಪ್ಪ ದಾಟಿದ ಮೇಲೆ ಹಳೆಯ ಸೂತ್ರವೂ ಲಾಭ ಕೊಡುವುದನ್ನು ನಿಲ್ಲಿಸುತ್ತದೆ. ಪ್ಯಾಡ್ ಹೆಡರಿಗೆ ಅಂಟಿಕೊಂಡಿರುವುದು ಅಂಚುಗಳ ವೆಲ್ಡಿನಲ್ಲಿ ಮಾತ್ರ, ನಡುವೆ ಸಣ್ಣ ಸಂದು. ಒಳಗಿನ ದ್ರವ ಥಟ್ಟನೆ ಬಿಸಿಯಾದರೆ ಹೆಡರು ಮೊದಲು ಬಿಸಿಯಾಗಿ ಹಿಗ್ಗುತ್ತದೆ, ಪ್ಯಾಡ್ ಹಿಂದೆ ಬೀಳುತ್ತದೆ, ಎಳೆತವೆಲ್ಲ ಹೊರಅಂಚಿನ ಫಿಲೆಟ್ ವೆಲ್ಡಿನ (ಮೂಲೆಯಲ್ಲಿ ತುಂಬಿದ ತ್ರಿಕೋನ ವೆಲ್ಡಿನ) ಮೇಲೆ. ಉಷ್ಣತೆ ಹೆಚ್ಚಿದ್ದು ಪದೇಪದೇ ಏರಿಳಿಯುವ ಲೈನಿಗೆ ಪ್ಯಾಡ್ ಬೇಡ ಎಂದೇ ನಾನು ಬರೆಯುವುದು. ಅಲ್ಲಿ ಟೀ ಹಾಕಿ, ಇಲ್ಲವೇ ಹೆಡರಿನ ಗೋಡೆಯಲ್ಲೇ ಕೂಡಿಕೊಳ್ಳುವ ಸ್ವೀಪೊಲೆಟ್ ಬಗೆಯದನ್ನು. ಸ್ವೀಪೊಲೆಟ್‌ನ ವೆಲ್ಡ್ ಬಟ್ ವೆಲ್ಡ್ ಆದ್ದರಿಂದ ರೇಡಿಯೋಗ್ರಫಿ ಮಾಡಿ ಒಳಗೆ ಏನಿದೆ ಎಂದು ನೋಡಬಹುದು. ಪ್ಯಾಡಿನ ಫಿಲೆಟ್ ವೆಲ್ಡಿಗೆ ಆ ಸೌಕರ್ಯ ಇಲ್ಲ.

ಫಿಟಿಂಗ್ ಬದಲಿಸುವ ಮೊದಲು ಬ್ರಾಂಚ್ ಎಲ್ಲಿಗೆ ಹೋಗುತ್ತದೆ ಎಂದೂ ನೋಡಿ. ಕಾರ್ಬನ್ ಸ್ಟೀಲ್ ಹೆಡರು ಪ್ರತಿ ಮೀಟರಿಗೆ, ಪ್ರತಿ 100 ಡಿಗ್ರಿಗೆ ಸುಮಾರು 1.2 ಮಿ.ಮೀ. ಹಿಗ್ಗುತ್ತದೆ. ಆ್ಯಂಕರ್‌ನಿಂದ (ಪೈಪನ್ನು ಅಲುಗದಂತೆ ಹಿಡಿದ ಜಾಗದಿಂದ) 30 ಮೀಟರ್ ದೂರದಲ್ಲಿ, 200 ಡಿಗ್ರಿ ಏರಿಕೆಗೆ, 70 ಮಿ.ಮೀ. ಆಸುಪಾಸು. ಅಲ್ಲಿರುವ ಒಂದಿಂಚಿನ ಡ್ರೈನನ್ನು ಯಾರೋ ಅಂದವಾಗಿ ಪಕ್ಕದ ಕಂಬಕ್ಕೆ ಯು-ಬೋಲ್ಟ್ ಹಾಕಿ ಬಿಗಿದಿರುತ್ತಾರೆ. ಜಗತ್ತಿನ ಯಾವ ಫಿಟಿಂಗೂ ಅದನ್ನು ಉಳಿಸುವುದಿಲ್ಲ. ಸಣ್ಣ ಲೈನುಗಳು ಸ್ಟ್ರೆಸ್ ಲೆಕ್ಕಕ್ಕೇ ಬರುವುದಿಲ್ಲ, ಸೈಟಿನಲ್ಲಿ ಕೈಗೆ ಬಂದಂತೆ ಓಡಿಸುತ್ತಾರೆ. ಹಾಗಾಗಿ ಹೆಡರಿನ ಚಲನೆ ಎಷ್ಟು ಎಂದು ಸೈಟಿಗೆ ಹೋಗುವ ಐಸೊಮೆಟ್ರಿಕ್ ಡ್ರಾಯಿಂಗಿನ (ಲೈನನ್ನು ಮೂರು ಆಯಾಮದಲ್ಲಿ ತೋರಿಸುವ ನಕ್ಷೆಯ) ಮೇಲೇ ಬರೆದುಕೊಡುವ ಅಭ್ಯಾಸ ಒಳ್ಳೆಯದು.

ಸಣ್ಣ ಬ್ರಾಂಚುಗಳು

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಏಕೆಂದರೆ ಸೋರುವುದು ಇವೇ.

ವೆಂಟು, ಡ್ರೈನು, ಗೇಜಿನ ಟ್ಯಾಪಿಂಗು. ಎರಡಿಂಚು ಮತ್ತು ಅದಕ್ಕಿಂತ ಚಿಕ್ಕವು. ಎಲ್ಲದರ ಸ್ವರೂಪ ಒಂದೇ: ಒಂದು ತುದಿ ಹೆಡರಿಗೆ ಬೆಸೆದಿದೆ, ಇನ್ನೊಂದು ತುದಿಯಲ್ಲಿ ಒಂದು ತೂಕ ಗಾಳಿಯಲ್ಲಿ ನಿಂತಿದೆ. ಹೆಡರು ನಡುಗಿದಾಗ ಆ ತೂಕ ತನ್ನದೇ ತಾಳದಲ್ಲಿ ಓಲಾಡಲು ನೋಡುತ್ತದೆ. ಎರಡು ತಾಳವೂ ಕೂಡಿದರೆ ಬುಡ ಕಳಚಿತು.

ಲೆಕ್ಕ ಕಷ್ಟದ್ದಲ್ಲ. ಮುಕ್ಕಾಲು ಇಂಚು, ಶೆಡ್ಯೂಲ್ 80: ಹೊರವ್ಯಾಸ 26.7, ಗೋಡೆ 3.91 ಮಿ.ಮೀ. ಬಾಗುವಿಕೆ ತಡೆಯುವ ಜಡತ್ವ ಮಹತ್ವ (ಮೊಮೆಂಟ್ ಆಫ್ ಇನರ್ಷಿಯಾ) ಸುಮಾರು 18,700 ಮಿ.ಮೀ.⁴. ತುದಿಯಲ್ಲಿ ವಾಲ್ವು, ಫ್ಲೇಂಜು, ಬಾಯಿ ಮುಚ್ಚುವ ಬ್ಲೈಂಡು ಸೇರಿ 5 ಕಿಲೊ. ಹೆಡರಿನಿಂದ ತೂಕದ ಮಧ್ಯಕ್ಕೆ 300 ಮಿ.ಮೀ. ಇದ್ದರೆ ಸಹಜ ಆವೃತ್ತಿ ಸುಮಾರು 46 ಹರ್ಟ್ಸ್. 200ಕ್ಕೆ ತಂದರೆ 84. 100ಕ್ಕೆ ತಂದರೆ 238.

ಪಕ್ಕದಲ್ಲಿ 2960 ಆರ್‌ಪಿಎಂನ ಪಂಪು ಇದೆ ಎನ್ನಿ. ಅದರ ತಿರುಗುವ ಆವೃತ್ತಿ 49.3 ಹರ್ಟ್ಸ್. 300 ಮಿ.ಮೀ.ನ ಡ್ರೈನು ನೇರ ಅದರ ಬಾಯಿಗೆ. ಹಾಗಾದರೆ ಗಿಡ್ಡ ಮಾಡಿದರಾಯಿತು ಎಂದು 100ಕ್ಕೆ ಕತ್ತರಿಸಿದಿರಿ. ಪಂಪಿನ ಇಂಪೆಲ್ಲರಿನಲ್ಲಿ (ದ್ರವ ದೂಡುವ ಚಕ್ರದಲ್ಲಿ) 5 ವೇನ್, ಅಂದರೆ ರೆಕ್ಕೆ, ಇದ್ದರೆ ವೇನ್ ಪಾಸಿಂಗ್ ಆವೃತ್ತಿ 247 ಹರ್ಟ್ಸ್, ನೀವು ನಿಂತದ್ದು 238ರಲ್ಲಿ! ಆ ಆವೃತ್ತಿಯಲ್ಲಿ ಚಲನೆ ಸಾಮಾನ್ಯವಾಗಿ ಬಲು ಚಿಕ್ಕದು, ಆದ್ದರಿಂದ ಗಿಡ್ಡ ಮಾಡುವುದು ಬಹುತೇಕ ಒಳ್ಳೆಯದೇ. ಕಣ್ಣು ಮುಚ್ಚಿ ಮಾಡುವುದು ಬೇಡ ಎಂದಷ್ಟೇ ಹೇಳುತ್ತಿರುವುದು. ನಡುಗಿಸುವ ಆವೃತ್ತಿಯಿಂದ ಕನಿಷ್ಠ 20 ಶೇಕಡಾ ದೂರ ಇಡಿ. ಈ ಲೆಕ್ಕ ಹೆಡರಿನ ಗೋಡೆ ಬಂಡೆಯಂತೆ ಗಟ್ಟಿ ಎಂದು ಹಿಡಿದದ್ದು ಎಂಬುದೂ ನೆನಪಿರಲಿ. ತೆಳು ಹೆಡರಿನಲ್ಲಿ ಬುಡದ ಗೋಡೆಯೇ ಉಸಿರಾಡುತ್ತದೆ, ನಿಜವಾದ ಆವೃತ್ತಿ ಕೆಳಗಿಳಿಯುತ್ತದೆ.

ಸ್ಟ್ರೆಸ್ ಎಷ್ಟು? ತುದಿಯ ತೂಕ 2ಜಿ (ಗುರುತ್ವದ ಎರಡು ಪಟ್ಟು) ವೇಗೋತ್ಕರ್ಷದಲ್ಲಿ ಓಲಾಡಿದರೆ ಬುಡದಲ್ಲಿ ನಾಮಮಾತ್ರ ಸ್ಟ್ರೆಸ್ 21 ಮೆಗಾಪಾಸ್ಕಲ್, ಎರಡೂ ಕಡೆ ಸೇರಿ ವ್ಯಾಪ್ತಿ 42. ಯೀಲ್ಡ್ ಮಿತಿ (ಲೋಹ ಶಾಶ್ವತವಾಗಿ ಬಾಗತೊಡಗುವ ಸ್ಟ್ರೆಸ್) 240 ಇರುವ ಪೈಪಿಗೆ ಇದು ಏನೇನೂ ಅಲ್ಲ ಎನಿಸುತ್ತದೆ. ಫಟೀಗ್‌ನ ಬ್ರಿಟಿಷ್ ಮಾನಕ ಬಿಎಸ್ 7608 ತೆರೆದರೆ, ಎಫ್ ವರ್ಗದ ವೆಲ್ಡಿಗೆ ಒಂದು ಕೋಟಿ ಸೈಕಲ್‌ನಲ್ಲಿ ಸಿಗುವ ವ್ಯಾಪ್ತಿ 40. ರೂಟ್‌ನಿಂದ (ವೆಲ್ಡಿನ ಒಳಬುಡದಿಂದ) ಬಿರುಕು ಏಳಬಹುದಾದ ಫಿಲೆಟ್ ವೆಲ್ಡಿನ ವರ್ಗದಲ್ಲಿ ಅದು 25ಕ್ಕೆ ಇಳಿಯುತ್ತದೆ. 46 ಹರ್ಟ್ಸ್‌ನಲ್ಲಿ ಒಂದು ಕೋಟಿ ಎಂದರೆ ಎರಡೂವರೆ ದಿನ ಎಂದು ಆಗಲೇ ನೋಡಿದೆವು. ಪೈಪಿನ ಉಕ್ಕು ಎಷ್ಟು ಬಲದ್ದು ಎಂಬುದಕ್ಕೆ ಇಲ್ಲಿ ಬೆಲೆಯೇ ಇಲ್ಲ. ಬೆಸೆದ ಮೇಲೆ ಹೆಚ್ಚು ಬಲದ ಉಕ್ಕಿಗೂ ಸಾಮಾನ್ಯ ಉಕ್ಕಿಗೂ ಫಟೀಗ್ ಆಯುಸ್ಸು ಹೆಚ್ಚುಕಡಿಮೆ ಒಂದೇ. ಆದ್ದರಿಂದ "ಮೆಟೀರಿಯಲ್ ಅಪ್‌ಗ್ರೇಡ್ ಮಾಡೋಣ" ಎನ್ನುವವರನ್ನು ನಯವಾಗಿ ತಡೆಯಿರಿ.

ಹಾಗಾದರೆ ಏನು ಮಾಡುವುದು? ನಾನು ಹೋಗುವ ಕ್ರಮ ಇದು.

ಮೊದಲು, ಈ ಬ್ರಾಂಚು ಬೇಕೇ? ಹೈಡ್ರೊಟೆಸ್ಟಿಗೆಂದು (ನೀರು ತುಂಬಿ ಮಾಡುವ ಒತ್ತಡ ಪರೀಕ್ಷೆಗೆಂದು) ಹಾಕಿದ ವೆಂಟುಗಳು ಆಮೇಲೆ ಯಾರಿಗೂ ಬೇಡವಾಗಿ, ವಾಲ್ವು ಹೊತ್ತುಕೊಂಡು ವರ್ಷಗಟ್ಟಲೆ ನಡುಗುತ್ತ ನಿಂತಿರುತ್ತವೆ. ಕಂಪನದ ಯಂತ್ರದ ಪಕ್ಕದಲ್ಲಿ ಅಂಥದ್ದು ಕಂಡರೆ ಮುಂದಿನ ಶಟ್‌ಡೌನ್‌ನಲ್ಲಿ ತೆಗೆಸಿ.

ಬೇಕೇ ಬೇಕಾದರೆ ತೂಕ ಇಳಿಸಿ. ಎರಡು ವಾಲ್ವಿನ ಸಾಲಿನ ಬದಲು ಒಂದೇ ಒಡಲಿನ ಡಬಲ್ ಬ್ಲಾಕ್ ವಾಲ್ವು ಬರುತ್ತದೆ, ಫ್ಲೇಂಜಿಗೇ ಕೂರುವ ಮೊನೊಫ್ಲೇಂಜು ಬರುತ್ತದೆ. ಬೆಲೆ ಹೆಚ್ಚು, ಆದರೆ ತೂಕವೂ ಉದ್ದವೂ ಒಟ್ಟಿಗೇ ಇಳಿಯುತ್ತವೆ.

ಮೂರನೆಯದು ಬುಡದ ಸೈಜು. ನನಗೆ ಬಹಳ ಇಷ್ಟದ ಉಪಾಯ ಇದು. ಮುಕ್ಕಾಲು ಇಂಚಿನ ಬುಡವನ್ನು ಎರಡಿಂಚು ಶೆಡ್ಯೂಲ್ 80 ಮಾಡಿ, ವಾಲ್ವಿನ ಹತ್ತಿರ ರೆಡ್ಯೂಸ್ ಮಾಡಿ. ಬಾಗುವಿಕೆ ತಡೆಯುವ ಸೆಕ್ಷನ್ ಮಾಡ್ಯುಲಸ್ ಎಂಟೂವರೆ ಪಟ್ಟು, ಬಿಗಿತ 19 ಪಟ್ಟು. ಮುಕ್ಕಾಲು ಇಂಚಿನಲ್ಲೇ ಉಳಿದು ಶೆಡ್ಯೂಲ್ 80ರಿಂದ 160ಕ್ಕೆ ಹೋದರೆ ಮಾಡ್ಯುಲಸ್ ಹೆಚ್ಚುವುದು 18 ಶೇಕಡಾ ಮಾತ್ರ. ದಪ್ಪಕ್ಕಿಂತ ವ್ಯಾಸ ದೊಡ್ಡದು. ಆದರೂ ಬದಲಾವಣೆ ಕೇಳಿದಾಗ ಜನ ಮೊದಲು ಶೆಡ್ಯೂಲನ್ನೇ ಏರಿಸುತ್ತಾರೆ, ಯಾಕೋ ತಿಳಿಯದು.

ಆಮೇಲೆ ಫಿಟಿಂಗಿನ ಬಗೆ. ಥ್ರೆಡ್ ಹಾಕಿದ ಜೋಡಣೆಗೆ ಕೋಡ್ ಕೊಟ್ಟ ಎಸ್ಐಎಫ್ 2.3. ಕಂಪನ ಇದ್ದಲ್ಲಿ ಅದನ್ನು ಬಿಟ್ಟುಬಿಡಿ; ಬಿಡಲಾಗದಿದ್ದರೆ ಸೀಲ್ ವೆಲ್ಡು ಹೊರಗೆ ಕಾಣುವ ಎಲ್ಲ ಥ್ರೆಡ್ಡನ್ನೂ ಮುಚ್ಚಿರಬೇಕು. ಮುಚ್ಚದೆ ಉಳಿದ ಒಂದು ಥ್ರೆಡ್ಡೇ ಸಿದ್ಧವಾದ ಕಚ್ಚು. ಸಾಕೊಲೆಟ್ ಹಾಕಿದರೆ ಎರಡು ವೆಲ್ಡು: ಒಂದು ಹೆಡರಿನ ಮೇಲೆ, ಇನ್ನೊಂದು ಸಾಕೆಟ್ಟಿನ ಬಾಯಲ್ಲಿ. ಸಾಕೆಟ್ಟಿನ ಫಿಲೆಟ್ ವೆಲ್ಡಿನ ರೂಟ್ ಹುಟ್ಟಿನಿಂದಲೇ ಒಂದು ಬಿರುಕಿನ ಆಕಾರ. ಅದರ ಬದಲು ಬಟ್ ವೆಲ್ಡಿನ ವೆಲ್ಡೊಲೆಟ್ ವಾಸಿ. ಎರಡನೇ ವೆಲ್ಡೇ ಇಲ್ಲದ, ಬುಡದಿಂದ ತುದಿಯವರೆಗೆ ಒಂದೇ ತುಂಡಾದ ನಿಪೊಲೆಟ್ ಅಥವಾ ಫ್ಲೇಂಜೊಲೆಟ್ ಇನ್ನೂ ವಾಸಿ. ಎರಡಿಂಚಿಗಿಂತ ದೊಡ್ಡ ಸಾಕೆಟ್ ವೆಲ್ಡನ್ನು ತೀವ್ರ ಸೈಕ್ಲಿಕ್ ಸ್ಥಿತಿಯಲ್ಲಿ ಬಿ31.3 ಒಪ್ಪುವುದೇ ಇಲ್ಲ.

ಕೊನೆಗೆ ಬ್ರೇಸಿಂಗ್, ಅಂದರೆ ಅಲುಗದಂತೆ ಆಧಾರ ಕಟ್ಟುವುದು. ಇದನ್ನು ಕೊನೆಗೆ ಹೇಳಲು ಕಾರಣ, ಎಲ್ಲರೂ ಇದನ್ನೇ ಮೊದಲು ಮಾಡುತ್ತಾರೆ, ಅದೂ ಕಂಬಕ್ಕೋ ನೆಲಕ್ಕೋ ಕಟ್ಟುತ್ತಾರೆ. ಆಗ ಹೆಡರು ಒಂದು ಕಡೆ ಹೋಗುತ್ತದೆ, ವಾಲ್ವು ಹೋಗಲಾರದು, ನಡುವಿನ ಪೈಪು ಎರಡರ ಜಗಳ ತಿನ್ನುತ್ತದೆ. ಬ್ರೇಸು ಬ್ರಾಂಚಿನಿಂದ ಅದೇ ಹೆಡರಿಗೆ ಹೋಗಬೇಕು, ಎರಡೂ ಒಟ್ಟಿಗೆ ಅಲುಗುವಂತೆ. ಒಂದಕ್ಕೊಂದು 90 ಡಿಗ್ರಿಯ ಎರಡು ದಿಕ್ಕಿನಲ್ಲಿ ಇರಬೇಕು. ಒಂದೇ ದಿಕ್ಕಿಗೆ ಕಟ್ಟಿದರೆ ಕಂಪನ ಇನ್ನೊಂದು ದಿಕ್ಕಿಗೆ ತಿರುಗುತ್ತದೆ. ಬೆಸೆದ ಗಸೆಟ್‌ಗಿಂತ (ಮೂಲೆಗೆ ಕೊಡುವ ತ್ರಿಕೋನ ತಗಡಿಗಿಂತ) ಬೋಲ್ಟ್ ಹಾಕಿದ ಕ್ಲಾಂಪು ನನಗಿಷ್ಟ. ಗಸೆಟಿನ ವೆಲ್ಡು ಮುಗಿಯುವ ತುದಿಯೇ ಮುಂದಿನ ಬಿರುಕಿನ ಜಾಗವಾಗಿರುವುದನ್ನು ಹಲವು ಸಲ ಕಂಡಿದ್ದೇನೆ.

ಒಂದು ಸ್ಥಾವರದ ಪಂಪಿನ ಡಿಸ್ಚಾರ್ಜಿನಲ್ಲಿ ಒಂದೇ ಡ್ರೈನು ಮತ್ತೆ ಮತ್ತೆ ಸೀಳುತ್ತಿತ್ತು. ಪ್ರತಿ ಸಲವೂ ಗ್ರೈಂಡ್ ಮಾಡಿ, ಮೊದಲಿದ್ದಂತೆಯೇ ಬೆಸೆದು, ಡೈ ಪರೀಕ್ಷೆ (ಬಣ್ಣ ಹಚ್ಚಿ ಬಿರುಕು ಹುಡುಕುವುದು) ಮಾಡಿ ಬಿಡುತ್ತಿದ್ದರು. ವೆಲ್ಡರ್ ಮೇಲೆ ಅನುಮಾನ ಬಂದು ವೆಲ್ಡರನ್ನೂ ಬದಲಿಸಿದರು. ಹೋಗಿ ನೋಡಿದರೆ ವೆಲ್ಡುಗಳು ಚೆನ್ನಾಗಿಯೇ ಇದ್ದವು. ತುದಿಯಲ್ಲಿ ಒಂದು ಹಳೆಯ ಭಾರದ ಗೇಟ್ ವಾಲ್ವು, ಅದರಾಚೆ ಯಾವತ್ತೋ ಹೋಸ್ ಹಾಕಲೆಂದು ಸೇರಿಸಿದ ಉದ್ದನೆಯ ತುಂಡು. ತುಂಡು ತೆಗೆಸಿ, ಹಗುರ ವಾಲ್ವು ಹಾಕಿಸಿ, ಬುಡವನ್ನು ಎರಡಿಂಚು ಮಾಡಿಸಿದ ಮೇಲೆ ನಿಂತಿತು. ಸೀಳಿದ ಬ್ರಾಂಚನ್ನು ಇದ್ದಂತೆಯೇ ಮತ್ತೆ ಬೆಸೆದರೆ ನೀವು ಗಡಿಯಾರಕ್ಕೆ ಮತ್ತೆ ಕೀಲಿ ಕೊಟ್ಟಿದ್ದೀರಿ, ಅಷ್ಟೇ.

ಕಿರುಚುವ ವಾಲ್ವಿನ ಕೆಳಗೆ

ಸೇಫ್ಟಿ ವಾಲ್ವು, ಪ್ರೆಷರ್ ಇಳಿಸುವ ಕಂಟ್ರೋಲ್ ವಾಲ್ವು, ಅನಿಲ ಹೊರಬಿಡುವ ಲೈನಿನ ಕಿರಿದಾದ ತೂತು ಅಂದರೆ ಬ್ಲೋಡೌನ್ ಆರಿಫೈಸ್. ಇವುಗಳ ಕೆಳಗಿನ, ಅಂದರೆ ಇವನ್ನು ದಾಟಿದ ಮೇಲಿನ, ಅನಿಲ ಲೈನುಗಳ ಫಟೀಗ್ ಬೇರೆಯೇ ಜಾತಿ. ಇಲ್ಲಿ ಪೈಪು ಬಾಗುವುದಿಲ್ಲ. ಗೋಡೆಯೇ ಕೆಲವು ನೂರರಿಂದ ಸಾವಿರಾರು ಹರ್ಟ್ಸ್‌ನಲ್ಲಿ ಅಲೆಅಲೆಯಾಗಿ ಮಿಡಿಯುತ್ತದೆ. ಸುತ್ತಲೂ ಸಮವಾಗಿ ಮಿಡಿಯುವ ತನಕ ತೊಂದರೆ ಕಡಿಮೆ. ನಡುವೆ ಒಂದು ಬ್ರಾಂಚೋ ಪ್ಯಾಡೋ ಬೆಸೆದ ಸಪೋರ್ಟಿನ ಶೂವೋ ಬಂದರೆ ಅದರ ಅಂಚಿನಲ್ಲಿ ಗೋಡೆ ಕಡಿದು ಮಡಿಚಿಕೊಳ್ಳುತ್ತದೆ. ಸೋರಲು ವರ್ಷ ಬೇಕಿಲ್ಲ, ಕೆಲವು ಗಂಟೆ ಸಾಕು.

ಇದನ್ನು ಮೊದಲು ಅಂಕಿಗಳಲ್ಲಿ ಹಿಡಿದದ್ದು ಎಂಜಿನಿಯರುಗಳಾದ ಕರುಚಿ ಮತ್ತು ಮ್ಯುಲರ್, 1982ರಲ್ಲಿ. ವಾಲ್ವಿಗೆ ಮುಂಚಿನ ಮತ್ತು ದಾಟಿದ ಮೇಲಿನ ಒತ್ತಡ, ಅನಿಲದ ಹರಿವು, ಉಷ್ಣತೆ, ಅಣುತೂಕ ಕೊಟ್ಟರೆ ಶಬ್ದಶಕ್ತಿ ಎಷ್ಟು ಡೆಸಿಬೆಲ್ ಎಂದು ಸಿಗುತ್ತದೆ. ಉದ್ಯಮದಲ್ಲಿ ಸಾಮಾನ್ಯವಾಗಿ 155 ಡೆಸಿಬೆಲ್ ದಾಟಿದರೆ ವಿವರವಾಗಿ ಲೆಕ್ಕ ಹಾಕಿ ನೋಡಬೇಕು ಎಂಬ ಪದ್ಧತಿ. ಆಗ ನೋಡಬೇಕಾದ ಮೊದಲ ಅಂಕಿ ವ್ಯಾಸಕ್ಕೂ ಗೋಡೆಗೂ ಇರುವ ಅನುಪಾತ. 24 ಇಂಚಿನ ಫ್ಲೇರ್ ಹೆಡರು (ಸುಡಲು ಬಿಡುವ ಅನಿಲವನ್ನು ಒಯ್ಯುವ ಪೈಪು) 9.53 ಮಿ.ಮೀ. ಗೋಡೆಯದಾದರೆ ಅದು 64, 19.05 ಮಾಡಿದರೆ 32. ಒತ್ತಡಕ್ಕೆ ತೆಳು ಗೋಡೆ ಧಾರಾಳ ಸಾಕು, ಅದಕ್ಕೇ ಈ ಹೆಡರುಗಳು ತೆಳುವಾಗಿರುವುದು, ಅದಕ್ಕೇ ಸೀಳುವುದು.

ಈ ಲೈನಿನಲ್ಲಿ ನನ್ನ ಆಯ್ಕೆ ಫೋರ್ಜ್ ಮಾಡಿದ ಟೀ ಅಥವಾ ಸ್ವೀಪೊಲೆಟ್. ಬಿಡಿ ಪ್ಯಾಡ್ ಬೇಡವೇ ಬೇಡ. ಪ್ಯಾಡ್ ಹಾಕಲೇಬೇಕಾದರೆ ಹೆಡರನ್ನು ಪೂರ್ತಿ ಸುತ್ತುವಂಥದು. ವೆಲ್ಡೊಲೆಟ್ ಇಲ್ಲಿ ನನಗೆ ಸಮಾಧಾನ ಕೊಡುವುದಿಲ್ಲ: ತೆಳು ಗೋಡೆಯ ಮೇಲೆ ಒಂದು ಗಟ್ಟಿ ಮುದ್ದೆ, ಸುತ್ತ ಒಂದು ಥಟ್ಟನೆಯ ಅಂಚು. ಬ್ರೇಸಿಂಗ್ ಇಲ್ಲಿ ಕೆಲಸಕ್ಕೆ ಬಾರದು, ಏಕೆಂದರೆ ಓಲಾಡುತ್ತಿರುವುದು ಬ್ರಾಂಚಲ್ಲ. ಸಾಧ್ಯವಿದ್ದರೆ ಮೂಲದಲ್ಲೇ, ವಾಲ್ವಿನ ಟ್ರಿಮ್ಮಿನಲ್ಲೇ (ಹರಿವನ್ನು ಹಿಡಿಯುವ ಒಳಭಾಗದಲ್ಲೇ), ಹಂತಹಂತವಾಗಿ ಒತ್ತಡ ಇಳಿಸುವುದು ಎಲ್ಲಕ್ಕಿಂತ ಲೇಸು.

ಕೊಳಲಾಗುವ ಬ್ರಾಂಚು, ಬಿಸಿತಣ್ಣೀರಿನ ಟೀ

ತುದಿ ಮುಚ್ಚಿದ ಬ್ರಾಂಚಿನ ಬಾಯಿಯ ಮೇಲೆ ಹಬೆ ವೇಗವಾಗಿ ಹಾದರೆ ಅದು ಕೊಳಲಿನಂತೆ ನುಡಿಯುತ್ತದೆ. ಸೇಫ್ಟಿ ವಾಲ್ವನ್ನು ಹೊತ್ತು ನಿಂತ ಗಿಡ್ಡ ಪೈಪು ಇದಕ್ಕೆ ಹೇಳಿಮಾಡಿಸಿದ್ದು. ಸ್ವರ ಎಷ್ಟು ಎಂದರೆ, ಶಬ್ದದ ವೇಗವನ್ನು ಉದ್ದದ ನಾಲ್ಕು ಪಟ್ಟಿನಿಂದ ಭಾಗಿಸಿ: ಹಬೆಯಲ್ಲಿ ಶಬ್ದದ ವೇಗ 500 ಮೀ/ಸೆ, ಉದ್ದ ಒಂದೂವರೆ ಮೀಟರ್ ಆದರೆ ಸುಮಾರು 83 ಹರ್ಟ್ಸ್. ಬಾಯಿಯ ಅಂಚನ್ನು ಚೂಪು ಬಿಡದೆ ದುಂಡಗೆ ಮಾಡಿದರೆ, ಉದ್ದ ಕಡಿಮೆ ಮಾಡಿದರೆ ಹೆಚ್ಚಾಗಿ ಸುಮ್ಮನಾಗುತ್ತದೆ. ಟೀಗೂ ಕೊರೆದು ಕೂರಿಸಿದ ಬ್ರಾಂಚಿಗೂ ಇಲ್ಲಿ ವ್ಯತ್ಯಾಸ ಬೀಳುವುದು ಆ ಅಂಚಿನ ದುಂಡಿನಲ್ಲೇ.

ಬಿಸಿ ದ್ರವಕ್ಕೆ ತಣ್ಣನೆಯದನ್ನು ಸೇರಿಸುವ ಟೀಯಲ್ಲಿ ಹೊರಗಿನಿಂದ ಏನೂ ಕಾಣುವುದಿಲ್ಲ. ಸರಾಸರಿ ಉಷ್ಣತೆ ಸ್ಥಿರ, ಪೈಪು ನಿಶ್ಚಲ. ಒಳಮೈಯಲ್ಲಿ ಮಾತ್ರ ಬಿಸಿ ನಾಲಗೆ ತಣ್ಣನೆ ನಾಲಗೆ ಸರದಿಯಲ್ಲಿ ನೆಕ್ಕುತ್ತಿರುತ್ತವೆ. 1998ರ ಮೇ ತಿಂಗಳಲ್ಲಿ ಫ್ರಾನ್ಸಿನ ಸಿವೊ ಅಣುವಿದ್ಯುತ್ ಸ್ಥಾವರದ 1ನೇ ಘಟಕದಲ್ಲಿ, ರಿಯಾಕ್ಟರಿನ ಉಳಿಕೆ ಶಾಖ ತೆಗೆಯುವ ಲೈನು ಹೀಗೆಯೇ ಸೀಳಿ ಸೋರಿತು. ಸೀಳಿದ್ದು ಮಿಶ್ರಣದ ಟೀಯ ಮುಂದಿನ ಎಲ್ಬೊ. ಇಂಥ ಜಾಗದಲ್ಲಿ ಮಿಶ್ರಣ ವಲಯದೊಳಗೆ ವೆಲ್ಡು ಬೀಳದಂತೆ ಟೀಯನ್ನೂ ಎಲ್ಬೊವನ್ನೂ ದೂರ ಇಡಿ. ಬಿದ್ದರೆ ಒಳಗಡೆ ಸಮ ಮಾಡಿಸಿ. ವ್ಯತ್ಯಾಸ ದೊಡ್ಡದಿದ್ದರೆ ಒಳಗೊಂದು ಥರ್ಮಲ್ ಸ್ಲೀವ್ (ಗೋಡೆಯನ್ನು ಕಾಪಾಡುವ ಒಳಕೊಳವೆ) ಅಥವಾ ಮಿಕ್ಸರ್ ಹಾಕಿ. ಎಸ್ಐಎಫ್ ಕಡಿಮೆ ಇರುವ ಫಿಟಿಂಗ್ ಹುಡುಕುವುದರಿಂದ ಇಲ್ಲಿ ಏನೂ ಪ್ರಯೋಜನವಿಲ್ಲ.

ಬ್ರಾಂಚಿನೊಳಗೆ ಇಳಿಬಿಡುವ ಥರ್ಮೊವೆಲ್ಲನ್ನೂ (ಉಷ್ಣಮಾಪಕವನ್ನು ಹರಿವಿನಿಂದ ಕಾಪಾಡುವ ಕೊಳವೆ) ಮರೆಯಬೇಡಿ. 1995ರ ಡಿಸೆಂಬರಿನಲ್ಲಿ ಜಪಾನಿನ ಮೊಂಜು ರಿಯಾಕ್ಟರಿನಲ್ಲಿ ಸೋಡಿಯಂ ಸೋರಿದ್ದು ಹರಿವಿನ ಸುಳಿಗಳಿಗೆ ನಡುಗಿ ಥರ್ಮೊವೆಲ್ ಮುರಿದಿದ್ದರಿಂದ, ಅದೂ ಅದರ ವ್ಯಾಸ ಥಟ್ಟನೆ ಕಿರಿದಾಗುವ ಮೆಟ್ಟಿಲಿನಲ್ಲಿ.

ವೆಲ್ಡರ್ ಕೈಯಲ್ಲಿ ಉಳಿಯುವುದು

ಮೇಲಿನದೆಲ್ಲ ಸರಿಯಾಗಿ ಆರಿಸಿದರೂ ವೆಲ್ಡು ಕೆಟ್ಟರೆ ಕೋಡ್ ಕೊಟ್ಟ ಎಸ್ಐಎಫ್ ಬರೀ ಕಾಗದ. ವೆಲ್ಡೊಲೆಟ್‌ನಲ್ಲಿ ಬೆವೆಲ್ (ವೆಲ್ಡಿಗೆಂದು ಓರೆಯಾಗಿ ಕತ್ತರಿಸಿದ ಅಂಚು) ಎಲ್ಲಿಯ ತನಕ ಇದೆಯೋ ಅಲ್ಲಿಯ ತನಕ ಲೋಹ ತುಂಬಬೇಕು. ತುಂಬಲು ಹಿಡಿಯುವ ಲೋಹ ನೋಡಿದರೆ ಯಾರಿಗೂ ಬೇಸರವಾಗುವಷ್ಟು, ಹಾಗಾಗಿ ಅರ್ಧಕ್ಕೇ ನಿಲ್ಲುತ್ತದೆ. "ಇಷ್ಟು ಸಾಕಲ್ವಾ ಸಾರ್, ಪ್ರೆಷರ್ ಕಡಿಮೆನೇ ಇದೆ" ಎಂದು ಒಬ್ಬ ಹಿರಿಯ ವೆಲ್ಡರ್ ಕೇಳಿದ್ದರು. ಪ್ರೆಷರ್‌ಗೆ ಸಾಕು ಎಂಬುದು ನಿಜವೇ. "ಪಕ್ಕದ ಕಂಪ್ರೆಸರ್ ಮೇಲೆ ಒಮ್ಮೆ ಕೈಯಿಟ್ಟು ಬನ್ನಿ" ಎಂದೆ. ಕೈಯಿಟ್ಟು ಬಂದವರು ಇನ್ನೊಂದು ಮಾತಾಡದೆ ಪೂರ್ತಿ ತುಂಬಿದರು.

ಸಾಕೆಟ್ ವೆಲ್ಡಿನಲ್ಲಿ ಪೈಪನ್ನು ತಳಕ್ಕೆ ತಾಗಿಸಿ, ಆಮೇಲೆ 1.5 ಮಿ.ಮೀ. ಹಿಂದೆಳೆದು ಬೆಸೆಯಬೇಕು. ಫಿಲೆಟಿನ ಕಾಲು ಪೈಪಿನ ಕಡೆ ಎರಡರಷ್ಟು ಉದ್ದ ಇರಲಿ. ಎರಡಕ್ಕೊಂದರ ಈ ಆಕಾರ ಸಮಕಾಲಿನ ಫಿಲೆಟ್‌ಗಿಂತ ಕಂಪನವನ್ನು ಚೆನ್ನಾಗಿ ತಾಳುತ್ತದೆ ಎಂದು ಅಮೆರಿಕದ ಇಪಿಆರ್‌ಐ (ವಿದ್ಯುತ್ ಉದ್ಯಮದ ಸಂಶೋಧನಾ ಸಂಸ್ಥೆ) ಪರೀಕ್ಷೆಗಳಲ್ಲಿ ಕಂಡುಬಂದಿದೆ. ಖರ್ಚು ಏನು? ವೆಲ್ಡಿನ ಇನ್ನೊಂದೆರಡು ಸುತ್ತು. ಹೆಡರಿನ ಮೇಲೆ ವೆಲ್ಡು ಮುಗಿಯುವ ಅಂಚಿನಲ್ಲಿ ಅಂಡರ್‌ಕಟ್ (ವೆಲ್ಡಿನ ಪಕ್ಕ ಕೊರೆದುಹೋದ ಗೀರು) ಇದ್ದರೆ ಅದನ್ನು ನಯವಾಗಿ ಗ್ರೈಂಡ್ ಮಾಡಿಸಿ, ಗ್ರೈಂಡಿಂಗ್ ಗೆರೆಗಳು ಅಂಚಿನುದ್ದಕ್ಕೆ ಬೀಳದೆ ಅಂಚಿಗೆ ಅಡ್ಡವಾಗಿ ಬೀಳುವಂತೆ.

ಇದನ್ನೆಲ್ಲ ಸೈಟಿಗೆ ತಲುಪಿಸುವ ದಾರಿ ಐಸೊಮೆಟ್ರಿಕ್ ಡ್ರಾಯಿಂಗಿನ ಟಿಪ್ಪಣಿಯೇ ಹೊರತು ಸ್ಪೆಕ್‌ನ ಇನ್ನೊಂದು ಪುಟವಲ್ಲ. ಲೈನ್ ಲಿಸ್ಟಿನಲ್ಲಿ ಒಂದು ಕಾಲಂ ಸೇರಿಸಿ: ಉಷ್ಣ ಸೈಕಲ್, ಕಂಪನ, ಶಬ್ದ, ಮಿಶ್ರಣ, ಯಾವುದೂ ಇಲ್ಲ. ಮೊದಲ ನಾಲ್ಕರಲ್ಲಿ ಯಾವುದಿದ್ದರೂ ಆ ಲೈನಿನ ಬ್ರಾಂಚುಗಳನ್ನು ಟೇಬಲ್ ನೋಡಿ ಹಾಕುವಂತಿಲ್ಲ, ಸ್ಟ್ರೆಸ್ ನೋಡುವವರ ಸಹಿ ಬೇಕು. ಲೈನು ಚಾಲೂ ಆದ ಮೊದಲ ವಾರದಲ್ಲೇ ಕಂಪನದ ಲೈನುಗಳ ಸಣ್ಣ ಬ್ರಾಂಚುಗಳನ್ನು ಒಂದು ಸುತ್ತು ನೋಡಿಬನ್ನಿ, ಕಂಪನ ಅಳೆಯುವ ಮೀಟರನ್ನು ಬುಡದಲ್ಲೊಮ್ಮೆ ವಾಲ್ವಿನ ತುದಿಯಲ್ಲೊಮ್ಮೆ ಇಟ್ಟು. ಎರಡೂ ಹೆಚ್ಚುಕಡಿಮೆ ಒಂದೇ ಇದ್ದರೆ ಬ್ರಾಂಚು ಹೆಡರಿನ ಜೊತೆಗೇ ಸವಾರಿ ಮಾಡುತ್ತಿದೆ, ಬಿಡಿ. ತುದಿಯ ಅಂಕಿ ಬುಡದ ಹಲವು ಪಟ್ಟು ಇದ್ದರೆ ಅದೇ ದಿನ ಫೋಟೊ ತೆಗೆದು ಬ್ರೇಸಿಂಗ್ ಕ್ಲಾಂಪಿಗೆ ಬರೆಯಿರಿ. ಒಂದು ಕೋಟಿ ಸೈಕಲ್ ಮುಗಿಯಲು ಮುಂದಿನ ತಿಂಗಳ ಮೀಟಿಂಗಿನ ತನಕ ಕಾಯಬೇಕಾಗಿಲ್ಲ.